ರೋಡ್ ರೇಸ್ ನೋಡುವುದು ಹೇಗೆ? ಹವ್ಯಾಸಿ ಸೈಕಲ್ ಸವಾರರಿಗೆ ಸಮಗ್ರ ಮಾರ್ಗದರ್ಶಿ

ವಾರಕ್ಕೆ ಎರಡು ಮೂರು ಸಲ ಸೈಕಲ್ ಹತ್ತುವವರಿಗೂ ವೃತ್ತಿಪರರ ರೋಡ್ ರೇಸ್ ಮೊದಮೊದಲು ತಲೆಬುಡ ಅರ್ಥವಾಗುವುದಿಲ್ಲ. ಐದು ಗಂಟೆಯ ರೇಸ್. ನೂರೈವತ್ತಕ್ಕಿಂತ ಜಾಸ್ತಿ ಜನ ಹರಟೆ ಹೊಡೆಯುತ್ತಾ ಒಟ್ಟಿಗೆ ಹೋಗುತ್ತಿರುತ್ತಾರೆ, ಬೆಳಿಗ್ಗೆಯಿಂದ ಮುಂದಿದ್ದ ನಾಲ್ವರು ಗುರಿಗೆ ಇನ್ನೇನು ಸ್ವಲ್ಪ ದೂರ ಅನ್ನುವಾಗ ಸಿಕ್ಕಿಬೀಳುತ್ತಾರೆ, ಗೆದ್ದವನ ಮುಖ ಕೊನೆಯ 200 ಮೀಟರ್ ತನಕ ಕ್ಯಾಮೆರಾದಲ್ಲಿ ಕಂಡೇ ಇರುವುದಿಲ್ಲ. ಒಂದು ಸ್ಟೇಜನ್ನೂ, ಅಂದರೆ ಒಂದು ದಿನದ ಓಟವನ್ನೂ, ಗೆಲ್ಲದವನು ಮೂರು ವಾರದ ರೇಸನ್ನೇ ಗೆದ್ದುಬಿಡುತ್ತಾನೆ. ಇದ್ಯಾವ ಆಟ ಅನ್ನಿಸುತ್ತದೆ, ಅಲ್ವಾ?

ಆದರೆ ಸೋಫಾ ಮೇಲೆ ಕೂತು ನೋಡುವ ಉಳಿದವರಿಗಿಲ್ಲದ ಒಂದು ಅನುಕೂಲ ನಿಮಗಿದೆ. ಎದುರುಗಾಳಿಯಲ್ಲಿ ಒಬ್ಬರೇ ತುಳಿದಿದ್ದೀರಿ. ಇನ್ನೊಬ್ಬರ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಹೋದರೆ ಎಷ್ಟು ಹಗುರ ಅನ್ನುವುದು ನಿಮ್ಮ ಕಾಲಿಗೆ ಗೊತ್ತು. ರೋಡ್ ರೇಸಿನ ಮುಕ್ಕಾಲು ಪಾಲು ಇಷ್ಟೇ. ಈಗ ಗಾಳಿಗೆ ಎದೆ ಕೊಟ್ಟವರು ಯಾರು, ಯಾರಿಗೋಸ್ಕರ ಕೊಟ್ಟಿದ್ದಾರೆ? ಈ ಒಂದು ಪ್ರಶ್ನೆ ಇಟ್ಟುಕೊಂಡು ನೋಡಿ, ಬೇಸರದ ಗಂಟೆಗಳೂ ಮಾತಾಡಲು ಶುರುಮಾಡುತ್ತವೆ.

ಹಂತ 1: ಗಾಳಿಯ ಲೆಕ್ಕ ತಿಳಿದುಕೊಳ್ಳಿ

ಸಮತಟ್ಟಾದ ರಸ್ತೆಯಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ವೇಗ ಎರಡರಷ್ಟಾದರೆ ಗಾಳಿಗೆ ಸುರಿಯಬೇಕಾದ ಶಕ್ತಿ ಎಂಟರಷ್ಟಾಗುತ್ತದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಗೆಳೆಯರ ಹಿಂದೆ ಹೋಗುವಾಗಲೇ ನಿಮಗೆ ವ್ಯತ್ಯಾಸ ಗೊತ್ತಾಗುತ್ತದೆ ಅಂದಮೇಲೆ 45ರಲ್ಲಿ ಹೋಗುವವರಿಗೆ ಎಷ್ಟು ಗೊತ್ತಾಗಬೇಡ! ದೊಡ್ಡ ಗುಂಪಿನ ಹೊಟ್ಟೆಯೊಳಗಂತೂ ಇನ್ನೂ ಸುಖ. 2018ರಲ್ಲಿ 121 ಸವಾರರ ಗುಂಪಿನ ಮಾದರಿ ಇಟ್ಟು ನಡೆಸಿದ ಒಂದು ಅಧ್ಯಯನದಲ್ಲಿ, ಗುಂಪಿನ ಮಧ್ಯದಲ್ಲೂ ಹಿಂಭಾಗದಲ್ಲೂ ಇರುವವರಿಗೆ ಸಿಗುವ ಗಾಳಿಯ ತಡೆ ಒಂಟಿ ಸವಾರನಿಗೆ ಸಿಗುವುದರ ಶೇ. 5ರಿಂದ 10ರಷ್ಟು ಮಾತ್ರ ಅಂತ ಕಂಡುಬಂತು.

ಉಳಿದದ್ದೆಲ್ಲ ಇಲ್ಲಿಂದಲೇ ಹುಟ್ಟುತ್ತದೆ. ಮುಂದೆ ಓಡಿಹೋದ ನಾಲ್ವರು ಸರದಿಯ ಮೇಲೆ ಗಾಳಿ ಹೊರಬೇಕು. ಹಿಂದಿನ ದೊಡ್ಡ ಗುಂಪಿನಲ್ಲಿ, ಅಂದರೆ ಪೆಲೊಟಾನಿನಲ್ಲಿ, ಆ ಕೆಲಸಕ್ಕೆ ಜನ ಬೇಕಾದಷ್ಟಿದ್ದಾರೆ. ಅದಕ್ಕೇ ಹೀಗೆ ಮುಂದೆ ಓಡಿಹೋದವರ ಗುಂಪು, ಅಂದರೆ ಬ್ರೇಕ್‌ಅವೇ, ಹೆಚ್ಚಿನ ದಿನ ಸೋಲುತ್ತದೆ. ಗುರಿಯ ಹತ್ತಿರ ಒಮ್ಮೆಲೇ ನುಗ್ಗಿ ಗೆಲ್ಲುವ ಸ್ಪ್ರಿಂಟರ್ ಕೊನೆಯ ಕ್ಷಣದ ತನಕ ಅಡಗಿರುವುದೂ ಇದಕ್ಕೇ. ಬೆಟ್ಟದ ಏರಿನಲ್ಲಿ ವೇಗ ಕಡಿಮೆಯಾಗಿ ಗಾಳಿಯ ಪಾಲು ಇಳಿಯುತ್ತದೆ, ಯಾರ ಹಿಂದೆ ಅಡಗಿದರೂ ಲಾಭ ಕಡಿಮೆ. ಆದ್ದರಿಂದ ಮೂರು ವಾರದ ರೇಸುಗಳು ಬಹುತೇಕ ಬೆಟ್ಟಗಳಲ್ಲೇ ನಿರ್ಧಾರವಾಗುತ್ತವೆ.

ಇನ್ನೊಂದು ಅಡ್ಡಗಾಳಿ. ಗಾಳಿ ಪಕ್ಕದಿಂದ ಹೊಡೆದರೆ ಹಿಂದೆ ನಿಂತು ಪ್ರಯೋಜನವಿಲ್ಲ, ಓರೆಯಾಗಿ ಪಕ್ಕಕ್ಕೆ ನಿಲ್ಲಬೇಕು. ಸವಾರರು ರಸ್ತೆಯ ಅಡ್ಡಕ್ಕೆ ಬೀಸಣಿಗೆಯ ಹಾಗೆ ಹರಡಿಕೊಳ್ಳುತ್ತಾರೆ, ಇದಕ್ಕೆ ಎಷೆಲಾನ್ ಅನ್ನುತ್ತಾರೆ. ರಸ್ತೆಯ ಅಗಲ ಎಷ್ಟಿದೆಯೋ ಅಷ್ಟೇ ಜನಕ್ಕೆ ಜಾಗ. ಜಾಗ ಸಿಗದವರು ರಸ್ತೆಯಂಚಿನಲ್ಲಿ ಸಾಲಾಗಿ ಒದ್ದಾಡಿ ಕಳಚಿಕೊಳ್ಳುತ್ತಾರೆ. ಒಂದು ಬೆಟ್ಟವೂ ಇಲ್ಲದ ದಿನ ದೊಡ್ಡ ಹೆಸರಿನವರು ಸುಮ್ನೆ ನಿಮಿಷಗಟ್ಟಲೆ ಕಳೆದುಕೊಂಡರೆ ಕಾರಣ ಸಾಮಾನ್ಯವಾಗಿ ಇದೇ.

ಹಂತ 2: ಯಾವ ರೇಸಿನಿಂದ ಶುರುಮಾಡುವುದು?

ಎಲ್ಲರೂ ಜುಲೈನ ಟೂರ್ ಡಿ ಫ್ರಾನ್ಸ್‌ನಿಂದ ಶುರುಮಾಡುತ್ತಾರೆ. ಮಾಡಬೇಡಿ ಅನ್ನುವುದಿಲ್ಲ, ಆದರೆ 21 ಸ್ಟೇಜುಗಳ, ನಾಲ್ಕು ಬಣ್ಣದ ಜೆರ್ಸಿಗಳ ರೇಸ್ ಮೊದಲ ಪಾಠಕ್ಕೆ ಸ್ವಲ್ಪ ಭಾರ. ನನ್ನ ಸಲಹೆ, ಒಂದು ದಿನದ ರೇಸ್ ಹಿಡಿಯಿರಿ. ಮೊದಲು ಗುರಿ ಮುಟ್ಟಿದವರು ಗೆದ್ದರು, ಅಷ್ಟೇ.

ಒಂದು ದಿನದ ರೇಸುಗಳಲ್ಲಿ ಐದಕ್ಕೆ ಮಾನ್ಯುಮೆಂಟ್ ಅಂತ ಹೆಸರು: ಮಾರ್ಚ್‌ನಲ್ಲಿ ಮಿಲಾನ್–ಸಾನ್ ರೆಮೊ, ಏಪ್ರಿಲ್‌ನಲ್ಲಿ ಟೂರ್ ಆಫ್ ಫ್ಲಾಂಡರ್ಸ್, ಪ್ಯಾರಿಸ್–ರೂಬೆ ಮತ್ತು ಲೀಜ್–ಬಾಸ್ಟೋನ್–ಲೀಜ್, ಅಕ್ಟೋಬರ್‌ನಲ್ಲಿ ಲೊಂಬಾರ್ಡಿಯಾ. ಇವುಗಳಲ್ಲಿ ಪ್ಯಾರಿಸ್–ರೂಬೆ ಹೊಸಬರಿಗೆ ಹೇಳಿ ಮಾಡಿಸಿದ ಹಾಗಿದೆ. ಸುಮಾರು 55 ಕಿ.ಮೀ.ನಷ್ಟು ಒರಟು ಕಲ್ಲು ಹಾಸಿನ ದಾರಿ, ಸುಮಾರು 30 ತುಂಡುಗಳಲ್ಲಿ ಬರುತ್ತದೆ. ಪಂಕ್ಚರ್, ಧೂಳು, ಬಿದ್ದವರು, ಎದ್ದವರು, ಯಾರೂ ವಿವರಿಸದೇ ಎಲ್ಲವೂ ಅರ್ಥವಾಗುತ್ತದೆ. ಗುರಿಗೆ ಸುಮಾರು 95 ಕಿ.ಮೀ. ಇರುವಾಗ ಬರುವ ಅರೆನ್‌ಬರ್ಗ್ ಕಾಡಿನ ತುಂಡಿಗೆ ಸ್ವಲ್ಪ ಮುಂಚೆ ಕೂತರೆ ಸಾಕು. ಮಿಲಾನ್–ಸಾನ್ ರೆಮೊ ಇದಕ್ಕೆ ತದ್ವಿರುದ್ಧ. ಹತ್ತಿರಹತ್ತಿರ 300 ಕಿ.ಮೀ., ಅದರಲ್ಲಿ ಮೊದಲ 250ಕ್ಕೆ ಬೇರೆ ಕೆಲಸ ಮಾಡಿಕೊಳ್ಳಬಹುದು. ಚಿಪ್ರೆಸ್ಸಾ ಏರಿಗೆ ಬನ್ನಿ, ಪೊಜ್ಜಿಯೊ ಏರುವಾಗ ಕಣ್ಣು ಮಿಟುಕಿಸಬೇಡಿ.

ಆಮೇಲೆ ಮೂರು ವಾರದ ರೇಸುಗಳಿಗೆ ಬನ್ನಿ: ಮೇನಲ್ಲಿ ಜಿರೊ ಡಿ ಇಟಾಲಿಯಾ, ಜುಲೈನಲ್ಲಿ ಟೂರ್, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ತನಕ ಸ್ಪೇನಿನ ವುಯೆಲ್ಟಾ. ಇಲ್ಲಿ ಪ್ರತಿ ಸ್ಟೇಜಿನ ಸಮಯ ಕೂಡಿಸುತ್ತಾರೆ, ಒಟ್ಟು ಸಮಯ ಕಡಿಮೆ ಇದ್ದವರು ನಾಯಕರು. ಟೂರಿನಲ್ಲಿ ಅವರಿಗೆ ಹಳದಿ ಜೆರ್ಸಿ, ಜಿರೊದಲ್ಲಿ ಗುಲಾಬಿ, ವುಯೆಲ್ಟಾದಲ್ಲಿ ಕೆಂಪು. ಟೂರಿನಲ್ಲಿ ಹಸಿರು ಸ್ಟೇಜಿನ ಗುರಿಯಲ್ಲೂ ದಾರಿ ಮಧ್ಯದ ಸ್ಪ್ರಿಂಟ್‌ಗಳಲ್ಲೂ ಸಿಗುವ ಅಂಕಗಳಿಗೆ, ಕೆಂಪು ಚುಕ್ಕೆಯದು ಬೆಟ್ಟಗಳಿಗೆ, ಬಿಳಿ ಕಿರಿಯರಿಗೆ. ಸಾಮಾನ್ಯ ಸ್ಟೇಜುಗಳಲ್ಲಿ ಮೊದಲ ಮೂವರಿಗೆ 10, 6, 4 ಸೆಕೆಂಡ್ ಕಡಿತದ ಬಹುಮಾನವೂ ಇದೆ. ನಾಲ್ಕು ಸೆಕೆಂಡ್ ಯಾವ ಲೆಕ್ಕ ಅನ್ನಬೇಡಿ. 2024ರ ಮಹಿಳೆಯರ ಟೂರ್ ಎಂಟು ಸ್ಟೇಜುಗಳ ನಂತರ ಸರಿಯಾಗಿ 4 ಸೆಕೆಂಡಿನಲ್ಲಿ ತೀರ್ಮಾನವಾಯಿತು, ಕಾಶಾ ನೆವಿಯಾಡೋಮಾ ಗೆದ್ದರು, ಡೆಮಿ ವೊಲ್ಲರಿಂಗ್ ಸೋತರು. ಮಹಿಳೆಯರ ರೇಸುಗಳನ್ನು ಬಿಡಬೇಡಿ ಅನ್ನುವುದಕ್ಕೆ ಅದೊಂದೇ ಕಾರಣವಲ್ಲ, ದೂರ ಕಡಿಮೆ ಇರುವುದರಿಂದ ಮಂಕಾದ ಗಂಟೆಗಳೂ ಕಡಿಮೆ.

ಹಂತ 3: ತಂಡದಲ್ಲಿ ಯಾರು ಏನು ಮಾಡುತ್ತಾರೆ?

ಮೂರು ವಾರದ ರೇಸಿಗೆ ಒಂದು ತಂಡದಿಂದ 8 ಜನ ಬರುತ್ತಾರೆ. ಅವರಲ್ಲಿ ಗೆಲ್ಲಲು ಬಂದವರು ಒಬ್ಬರೋ ಇಬ್ಬರೋ. ಉಳಿದವರು ಡೊಮೆಸ್ಟಿಕ್‌ಗಳು: ಹಿಂದಿನ ಕಾರಿಗೆ ಹೋಗಿ ಎಲ್ಲರಿಗೂ ನೀರಿನ ಬಾಟಲಿ ತರುತ್ತಾರೆ, ನಾಯಕನ ಚಕ್ರ ಪಂಕ್ಚರ್ ಆದರೆ ತಮ್ಮದನ್ನು ಕೊಡುತ್ತಾರೆ, ದಿನವಿಡೀ ಗಾಳಿ ಹೊರುತ್ತಾರೆ. ಸ್ಪ್ರಿಂಟರ್‌ಗೆ ಕೊನೆಯ ಕಿಲೋಮೀಟರಿನಲ್ಲಿ ದಾರಿ ಮಾಡಿಕೊಡುವ ಸರಪಳಿಯೇ ಇರುತ್ತದೆ, ಅದು ಲೀಡ್‌ಔಟ್.

ನಾನು ಹೊಸಬರಿಗೆ ಹೇಳುವುದು, ಮೊದಲ ಸೀಸನ್ನಿನಲ್ಲಿ ನಾಯಕನನ್ನು ಬಿಟ್ಟು ಒಬ್ಬ ಡೊಮೆಸ್ಟಿಕನ್ನು ಆರಿಸಿಕೊಂಡು ಅವನನ್ನೇ ಹಿಂಬಾಲಿಸಿ. ಅವನು ಮುಂದೆ ಬಂದನೆಂದರೆ ತಂಡ ಏನೋ ಯೋಚಿಸಿದೆ. ಅವನು ಕಳಚಿಕೊಂಡನೆಂದರೆ ನಾಯಕನಿಗೆ ಇನ್ನು ಒಬ್ಬ ಕಡಿಮೆ. ತಂಡದ ಜೆರ್ಸಿ ಗುರುತಿಸುವುದು ಮೊದಲು ಕಷ್ಟ, ಅದೂ ಪ್ರತಿ ವರ್ಷ ಬಣ್ಣ ಬದಲಾಯಿಸುವ ತಂಡಗಳಿದ್ದಾವೆ. ಹೆಲ್ಮೆಟ್ಟಿನ ಬಣ್ಣ ನೆನಪಿಟ್ಟುಕೊಳ್ಳಿ, ಮೇಲಿಂದ ಹೆಲಿಕಾಪ್ಟರ್ ತೋರಿಸುವಾಗ ಕಾಣುವುದು ಅದೇ.

ಇನ್ನು ಬೆಟ್ಟದ ದಿನಗಳಲ್ಲಿ ಕೊನೆಗೆ ಬರುವ ಗುಂಪು, ಗ್ರುಪೆಟ್ಟೊ. ಸ್ಪ್ರಿಂಟರ್‌ಗಳು, ಕೆಲಸ ಮುಗಿಸಿದ ಡೊಮೆಸ್ಟಿಕ್‌ಗಳು ಇಲ್ಲಿ ಕೂಡಿಕೊಂಡು ಸಮಯದ ಮಿತಿಯೊಳಗೆ ಮುಟ್ಟಲು ಲೆಕ್ಕ ಹಾಕುತ್ತಾರೆ, ಮಿತಿ ಮೀರಿದರೆ ಮನೆಗೆ. ನಮ್ಮಂಥವರಿಗೆ ಅತಿ ಹತ್ತಿರದ ಜನ ಇವರೇ ಅನ್ನಿಸುತ್ತದೆ. 2024ರ ಟೂರಿನ ಮೊದಲ ದಿನವೇ ಮಾರ್ಕ್ ಕ್ಯಾವೆಂಡಿಶ್ ಬಿಸಿಲಿಗೆ ಸುಸ್ತಾಗಿ ಹಿಂದುಳಿದರು. ತಂಡದವರು ಜೊತೆಗೇ ಉಳಿದು ಅವರನ್ನು ಮಿತಿಯೊಳಗೆ ದಡ ಮುಟ್ಟಿಸಿದರು. ನಾಲ್ಕು ದಿನ ಕಳೆದು ಅದೇ ಕ್ಯಾವೆಂಡಿಶ್ ಟೂರಿನಲ್ಲಿ ತಮ್ಮ ಒಟ್ಟು 35ನೇ ಸ್ಟೇಜ್ ಗೆದ್ದು ಎಡ್ಡಿ ಮರ್ಕ್ಸ್ ಅವರ 34ರ ದಾಖಲೆ ಮುರಿದರು. ಮೊದಲ ದಿನದ ಆ ಗುಂಪನ್ನು ನೋಡಿದ್ದವರಿಗೆ ಐದನೇ ದಿನದ ಗೆಲುವಿನ ರುಚಿಯೇ ಬೇರೆ.

ಹಂತ 4: ರೇಸಿಗೆ ಮುಂಚೆ ಹತ್ತು ನಿಮಿಷ

ದಾರಿಯ ಏರಿಳಿತದ ಚಿತ್ರ, ಅಂದರೆ ಪ್ರೊಫೈಲ್, ಪ್ರತಿ ರೇಸಿನ ಅಧಿಕೃತ ತಾಣದಲ್ಲಿ ಸಿಗುತ್ತದೆ. ಪ್ರೊಸೈಕ್ಲಿಂಗ್‌ಸ್ಟ್ಯಾಟ್ಸ್ ಅನ್ನುವ ತಾಣದಲ್ಲಿ ಪ್ರೊಫೈಲ್, ಸವಾರರ ಪಟ್ಟಿ, ಹಳೆಯ ಫಲಿತಾಂಶ ಎಲ್ಲ ಒಂದೇ ಕಡೆ. ನೋಡಬೇಕಾದ್ದು ಮೂರೇ. ಕೊನೆಯ ಏರು ಎಲ್ಲಿದೆ? ಅದರ ತುದಿಯಿಂದ ಗುರಿಗೆ ಎಷ್ಟು ದೂರ? ಗಾಳಿ ಎತ್ತ ಕಡೆಯಿಂದ?

ಟೂರಿನಲ್ಲಿ ಏರುಗಳಿಗೆ 4ರಿಂದ 1ರ ತನಕ ದರ್ಜೆ, 4 ಸುಲಭ, 1 ಕಷ್ಟ, ಅದಕ್ಕೂ ಮೇಲಿನವು ಎಚ್‌ಸಿ. ಆದರೆ ದರ್ಜೆಗಿಂತ ಉದ್ದವನ್ನೂ ಇಳಿಜಾರಿನ ಶೇಕಡಾವನ್ನೂ ನೋಡಿ, ನಿಮಗೆ ಗೊತ್ತಿರುವ ಏರಿನ ಜೊತೆ ತಾಳೆ ಹಾಕಿ. ಆಲ್ಪ್ ಡುಯೆಜ್ 13.8 ಕಿ.ಮೀ., ಸರಾಸರಿ ಶೇ. 8.1, 21 ಹೇರ್‌ಪಿನ್ ತಿರುವು. ನೀವು ಹತ್ತಿ ಏದುಸಿರು ಬಿಟ್ಟ ಶೇ. 8ರ ಎರಡು ಕಿಲೋಮೀಟರನ್ನು ನೆನೆಸಿಕೊಂಡು, ಅಂಥವು ಸುಮಾರು ಏಳು ಒಂದರ ಮೇಲೊಂದು, ಅದೂ ಅದಕ್ಕೆ ಮುಂಚೆ ಎರಡು ದೊಡ್ಡ ಬೆಟ್ಟ ದಾಟಿ ಬಂದಮೇಲೆ ಅಂತ ಲೆಕ್ಕ ಹಾಕಿದರೆ ಪರದೆಯ ಮೇಲೆ ಕಾಣುವುದಕ್ಕೆ ತೂಕ ಬರುತ್ತದೆ.

ರೇಸ್ ಆಮೇಲೆ ನೋಡುವವರಾದರೆ ಫೋನಿನ ನೋಟಿಫಿಕೇಶನ್ ಬೆಳಿಗ್ಗೆಯೇ ಬಂದ್ ಮಾಡಿ. ಹೈಲೈಟ್ಸ್ ವಿಡಿಯೊದ ತಲೆಬರಹ, ಚಿತ್ರ ಎರಡೂ ಗೆದ್ದವರನ್ನು ಹೇಳಿಬಿಡುತ್ತವೆ. ಇದೊಂದು ಕಾಟ.

ಹಂತ 5: ನೋಡುವಾಗ ಏನು ನೋಡಬೇಕು?

ಮೊದಲ ಒಂದು ಗಂಟೆ ಬ್ರೇಕ್‌ಅವೇ ಯಾರದ್ದು ಅನ್ನುವ ಜಗಳ. ನೇರ ಪ್ರಸಾರ ಇದ್ದರೆ ಗುಡ್ಡಗಾಡಿನ ದಿನಗಳಲ್ಲಿ ಇದನ್ನು ತಪ್ಪಿಸಬೇಡಿ, ಒಬ್ಬರಾದ ಮೇಲೊಬ್ಬರು ನುಗ್ಗುತ್ತಿರುತ್ತಾರೆ. ಸಮತಟ್ಟಿನ ದಿನ ಇದು ಎರಡೇ ನಿಮಿಷದಲ್ಲಿ ಮುಗಿಯುತ್ತದೆ, ಚಹಾ ಮಾಡಿಕೊಳ್ಳಿ.

ನಂತರ ಪರದೆಯ ಮೇಲಿನ ಅಂತರ ನೋಡಿ. ಪೆಲೊಟಾನ್ ಮನಸ್ಸು ಮಾಡಿದರೆ 10 ಕಿ.ಮೀ.ಗೆ ಒಂದು ನಿಮಿಷ ಹಿಂದಕ್ಕೆ ತರಬಲ್ಲದು ಅನ್ನುವುದು ಹಳೆಯ ಲೆಕ್ಕ, ಫ್ರೆಂಚ್ ವೀಕ್ಷಕ ವಿವರಣೆಗಾರ ರಾಬರ್ಟ್ ಶಪಾಟ್ ಅವರ ಹೆಸರಿನಲ್ಲಿ ನಡೆದುಬಂದಿದೆ. 30 ಕಿ.ಮೀ. ಉಳಿದಿದೆ, ಅಂತರ ಎರಡು ನಿಮಿಷ ಅಂದರೆ ಓಡಿಹೋದವರ ಕಥೆ ಮುಗಿದಂತೆಯೇ. ನಾಲ್ಕು ನಿಮಿಷ ಇದ್ದರೆ ಕುತೂಹಲ. ತಿರುವು ಜಾಸ್ತಿ ಇರುವ ಸಣ್ಣ ರಸ್ತೆ, ಮಳೆ, ಹಿಂಗಾಳಿ ಇವೆಲ್ಲ ಮುಂದಿದ್ದವರ ಪರ.

ಆಮೇಲೆ ಅತಿ ಮುಖ್ಯವಾದದ್ದು, ಪೆಲೊಟಾನಿನ ಮುಂಭಾಗದಲ್ಲಿ ಯಾವ ತಂಡ? ಯಾವ ತಂಡ ಎಳೆಯುತ್ತಿದೆಯೋ ಅದಕ್ಕೆ ಏನೋ ಬೇಕಾಗಿದೆ. ಯಾವ ತಂಡ ಎಳೆಯುತ್ತಿಲ್ಲವೋ ಅದನ್ನು ಇನ್ನೂ ಹುಷಾರಾಗಿ ನೋಡಿ, ಒಂದೋ ಅವರ ಸವಾರ ಮುಂದಿನ ಗುಂಪಿನಲ್ಲಿ ಕೂತಿದ್ದಾನೆ, ಇಲ್ಲಾ ಬೇರೆಯವರ ಕಾಲು ಸೋಲಲಿ ಅಂತ ಕಾಯುತ್ತಿದ್ದಾರೆ.

ಇದೆಲ್ಲ ಒಂದೇ ದಿನ ಕಾಣಬೇಕೆಂದರೆ 2025ರ ಜಿರೊದ 20ನೇ ಸ್ಟೇಜ್ ಹುಡುಕಿ ನೋಡಿ. ಗುಲಾಬಿ ಜೆರ್ಸಿ ಇಸಾಕ್ ಡೆಲ್ ಟೊರೊ ಮೈಮೇಲಿತ್ತು. ರಿಚರ್ಡ್ ಕಾರಪಾಸ್ 43 ಸೆಕೆಂಡ್ ಹಿಂದೆ, ಸೈಮನ್ ಯೇಟ್ಸ್ 1 ನಿಮಿಷ 21 ಸೆಕೆಂಡ್ ಹಿಂದೆ. ಕೊನೆಗೆ ಕೋಲೆ ಡೆಲ್ಲೆ ಫಿನೆಸ್ಟ್ರೆ, ಹದಿನೆಂಟು ಕಿಲೋಮೀಟರಿಗೂ ಉದ್ದದ ಏರು, ಮೇಲಿನ 8 ಕಿ.ಮೀ. ಬರೀ ಜಲ್ಲಿ ಮಣ್ಣಿನ ದಾರಿ. ಯೇಟ್ಸ್ ಅವರ ತಂಡ ಬೆಳಿಗ್ಗೆಯೇ ವೌಟ್ ವಾನ್ ಆರ್ಟ್ ಅವರನ್ನು ಬ್ರೇಕ್‌ಅವೇಯಲ್ಲಿ ಮುಂದೆ ಕಳುಹಿಸಿತ್ತು. ಏರಿನಲ್ಲಿ ಯೇಟ್ಸ್ ಆ ಇಬ್ಬರನ್ನೂ ಬಿಟ್ಟು ಮುಂದೆ ಹೋದರು. ಡೆಲ್ ಟೊರೊ ಮತ್ತು ಕಾರಪಾಸ್ ಒಬ್ಬರನ್ನೊಬ್ಬರು ಕಾಯುತ್ತಾ ಉಳಿದರು, ನಾನು ಗಾಳಿ ಹೊತ್ತರೆ ಲಾಭ ಅವನಿಗೆ ಅಂತ ಇಬ್ಬರಿಗೂ ಲೆಕ್ಕ. ಬೆಟ್ಟದಾಚೆ ವಾನ್ ಆರ್ಟ್ ಕಾದಿದ್ದರು. ಕಣಿವೆಯ ಉದ್ದಕ್ಕೂ ಅವರು ಗಾಳಿ ಹೊತ್ತರು, ಯೇಟ್ಸ್ ಹಿಂದೆ ಕೂತರು. ಹಿಂದಿನ ಇಬ್ಬರಿಗೆ ಎಳೆಯುವವರೇ ಇರಲಿಲ್ಲ, ಮನಸ್ಸೂ ಇರಲಿಲ್ಲ. ಅಂತಿಮವಾಗಿ ಯೇಟ್ಸ್ ಸುಮಾರು ನಾಲ್ಕು ನಿಮಿಷದ ಅಂತರದಲ್ಲಿ ಜಿರೊ ಗೆದ್ದರು, ಆ ಜಿರೊದಲ್ಲಿ ಒಂದೂ ಸ್ಟೇಜ್ ಗೆಲ್ಲದೆ. 2018ರಲ್ಲಿ ಇದೇ ಫಿನೆಸ್ಟ್ರೆಯ ದಿನ ಅವರೇ ಗುಲಾಬಿ ಜೆರ್ಸಿ ಕಳೆದುಕೊಂಡಿದ್ದರು, ಆಗ 80 ಕಿ.ಮೀ. ಒಂಟಿಯಾಗಿ ಹೋಗಿ ಗೆದ್ದವರು ಕ್ರಿಸ್ ಫ್ರೂಮ್.

ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಟೈಮ್ ಟ್ರಯಲ್ ಮಾತ್ರ ಬೇರೆ ಜಾತಿ. ಅಲ್ಲಿ ಅಡಗಲು ಬೆನ್ನೇ ಇಲ್ಲ. 1989ರ ಟೂರಿನ ಕೊನೆಯ ದಿನ, 24.5 ಕಿ.ಮೀ. ಟೈಮ್ ಟ್ರಯಲ್‌ಗೆ ಮುಂಚೆ ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದರು. ಕೈ ಮುಂದಕ್ಕೆ ಚಾಚಿ ಮೈ ಕುಗ್ಗಿಸುವ ಏರೋ ಬಾರ್ ಹಾಕಿಕೊಂಡು ಹೊರಟರು. ಮುಂದಿದ್ದ ಲೊರಾಂ ಫಿನ್ಯೊಂ ಹೆಲ್ಮೆಟ್ಟೂ ಇಲ್ಲದೆ ಜುಟ್ಟು ಹಾರಿಸಿಕೊಂಡು ಹೋದರು. ಟೂರ್ ಅವರ ಕೈತಪ್ಪಿ ಲೆಮಾಂಡ್ ಪಾಲಾದದ್ದು 8 ಸೆಕೆಂಡಿನಲ್ಲಿ.

ಹಂತ 6: ಅಂಕಿಗಳನ್ನು ನೋಡಿ, ಆದರೆ ಕೊರಗಬೇಡಿ

ತುಂಬಾ ವೃತ್ತಿಪರರು ಸವಾರಿ ದಾಖಲಿಸುವ ಆ್ಯಪ್ ಸ್ಟ್ರಾವಾದಲ್ಲಿ ತಮ್ಮ ರೇಸುಗಳನ್ನು ಹಾಕುತ್ತಾರೆ, ಕೆಲವರು ತುಳಿಯುವ ಶಕ್ತಿ ಅಳೆಯುವ ಪವರ್ ಮೀಟರಿನ ಅಂಕಿ ಮುಚ್ಚಿಡುತ್ತಾರೆ. ಹೋಲಿಸುವ ಅಳತೆ ದೇಹದ ತೂಕದ ಕಿಲೋಗೆ ಎಷ್ಟು ವ್ಯಾಟ್ ಅನ್ನುವುದು. ದೊಡ್ಡ ಬೆಟ್ಟಗಳಲ್ಲಿ ಮುಂಚೂಣಿಯವರು ಅರ್ಧ ಗಂಟೆಗೂ ಜಾಸ್ತಿ ಹೊತ್ತು ಕಿಲೋಗೆ 6 ವ್ಯಾಟ್, ಕೆಲವೊಮ್ಮೆ ಅದಕ್ಕೂ ಮೇಲೆ ಹಿಡಿಯುತ್ತಾರೆ. 70 ಕಿಲೋ ತೂಗುವವರಿಗೆ ಅದು 420 ವ್ಯಾಟ್. ನಿಮ್ಮದು 3ರ ಆಸುಪಾಸಿನಲ್ಲಿದ್ದರೆ ಅದು ತೀರಾ ಮಾಮೂಲಿ.

ನನಗೆ ಇದಕ್ಕಿಂತ ಉಪಯೋಗಕ್ಕೆ ಬರುವುದು ಹೃದಯ ಬಡಿತದ ಗೆರೆ. ಐದು ಗಂಟೆಯ ರೇಸಿನಲ್ಲಿ ಎಷ್ಟು ಹೊತ್ತು ಅವರು ಆರಾಮಾಗಿ ತುಳಿದಿದ್ದಾರೆ ಅಂತ ಅಲ್ಲಿ ಕಾಣುತ್ತದೆ. ನಾವು ಹವ್ಯಾಸಿಗಳು ಎಲ್ಲ ದಿನವೂ ಅರೆಬರೆ ಜೋರಾಗಿ ತುಳಿಯುತ್ತೇವೆ, ಅವರು ನಿಧಾನ ಅಂದರೆ ನಿಜವಾಗಿ ನಿಧಾನ.

ಹಂತ 7: ಅವರಿಂದ ಏನು ತೆಗೆದುಕೊಳ್ಳಬೇಕು, ಏನು ಬಿಡಬೇಕು?

ತಿನ್ನುವುದನ್ನು ತೆಗೆದುಕೊಳ್ಳಿ. ಇತ್ತೀಚಿನ ವರ್ಷಗಳಲ್ಲಿ ವೃತ್ತಿಪರರು ಗಂಟೆಗೆ 90ರಿಂದ 120 ಗ್ರಾಂ ಕಾರ್ಬೋಹೈಡ್ರೇಟ್ ಇಳಿಸುತ್ತಾರೆ. ನೇರವಾಗಿ ಅಲ್ಲಿಗೆ ಹಾರಿದರೆ ಹೊಟ್ಟೆ ತಿರುಗಿ ಬೀಳುತ್ತದೆ. ಎರಡು ಗಂಟೆ ಮೀರುವ ಸವಾರಿಗೆ 40–60 ಗ್ರಾಂನಿಂದ ಶುರುಮಾಡಿ ನಿಧಾನಕ್ಕೆ ಏರಿಸಿ. ಹಸಿವಾಗುವುದಕ್ಕೆ ಕಾಯಬಾರದು, ಅವರು ಮೊದಲ ಗಂಟೆಯಲ್ಲೇ ತಿನ್ನಲು ಶುರುಮಾಡುವುದನ್ನು ಗಮನಿಸಿ.

ಟೈರನ್ನೂ ತೆಗೆದುಕೊಳ್ಳಿ. ಒಂದು ಕಾಲದಲ್ಲಿ 23 ಮಿ.ಮೀ. ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬುತ್ತಿದ್ದವರೇ ಈಗ 28–30 ಮಿ.ಮೀ.ಗೆ ಕಡಿಮೆ ಗಾಳಿ ಹಾಕಿ ಓಡಿಸುತ್ತಾರೆ. ಫ್ರೇಮಿನಲ್ಲಿ ಜಾಗ ಇದ್ದರೆ ಹಾಕಿಸಿಕೊಳ್ಳಿ. ನಿಮ್ಮ ಸೈಕಲ್ಲಿಗೆ ಮಾಡುವ ಬದಲಾವಣೆಗಳಲ್ಲಿ ಇಷ್ಟು ಬೇಗ ಸುಖ ಕೊಡುವುದು ಬೇರೆ ಕಡಿಮೆ.

ಗಿಯರ್ ಮಾತ್ರ ಬೇಡ. ಪೆಡಲ್ ಬಳಿಯ 54 ಹಲ್ಲಿನ ದೊಡ್ಡ ಹಲ್ಲುಚಕ್ರ ಅವರ ಕಾಲಿಗೆ. ನಿಮಗೆ ಮುಂದೆ 50 ಮತ್ತು 34 ಹಲ್ಲಿನ ಜೋಡಿ, ಹಿಂದೆ 34 ಹಲ್ಲಿನ ತನಕ ಇರುವ ಕ್ಯಾಸೆಟ್ ಇದ್ದರೆ ಏರಿನಲ್ಲಿ ಕೂತೇ ತುಳಿಯಬಹುದು. ಹ್ಯಾಂಡಲ್ ಹಿಡಿದಿಡುವ ಸ್ಟೆಮ್ ಕೆಳಗಿಳಿಸಿ ಬೆನ್ನು ಮಡಚಿಕೊಳ್ಳುವುದೂ ಬೇಡ, ಅವರ ಸೊಂಟ ಬೇರೆ, ಅವರ ಫಿಸಿಯೋ ಸಂಜೆ ಕಾದಿರುತ್ತಾರೆ. ಇಳಿಜಾರಿನಲ್ಲಿ ಮೇಲಿನ ಕೊಳವೆಯ ಮೇಲೆ ಕೂತು ಜಾರುವುದನ್ನು ಹಳೆಯ ವಿಡಿಯೊಗಳಲ್ಲಿ ನೋಡಿರುತ್ತೀರಿ. ಅದನ್ನು 2021ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಅವರಿಗೇ ನಿಷೇಧಿಸಿದೆ. ಅವರದ್ದು ಮುಚ್ಚಿದ ರಸ್ತೆ, ನಿಮ್ಮದರಲ್ಲಿ ಎದುರಿನಿಂದ ಲಾರಿ ಬರುತ್ತದೆ.

ಹಂತ 8: ರಸ್ತೆ ಬದಿಯಲ್ಲಿ ನಿಂತು ನೋಡುವುದಾದರೆ

ಸಮತಟ್ಟಿನ ರಸ್ತೆಯಲ್ಲಿ ನಿಲ್ಲಬೇಡಿ. ಗಂಟೆಗಟ್ಟಲೆ ಕಾದ ಮೇಲೆ ಪೆಲೊಟಾನ್ ಸುಂಯ್ ಅಂತ ಅರ್ಧ ನಿಮಿಷದೊಳಗೆ ಹೋಗಿಬಿಡುತ್ತದೆ. ಏರು ಹುಡುಕಿ, ಅದೂ ಕಡಿದಾದ ತಿರುವಿನ ಒಳಬದಿಗಿಂತ ಸ್ವಲ್ಪ ಮೇಲೆ. ಎಲ್ಲರನ್ನೂ ಒಬ್ಬೊಬ್ಬರಾಗಿ ನೋಡಬೇಕೆಂದರೆ ಟೈಮ್ ಟ್ರಯಲ್, ಮತ್ತೆ ಮತ್ತೆ ನೋಡಬೇಕೆಂದರೆ ಒಂದೇ ಸರ್ಕ್ಯೂಟನ್ನು ಸುತ್ತುವ ರೇಸ್. ರಸ್ತೆಯನ್ನು ಎಷ್ಟು ಹೊತ್ತಿಗೆ ಮುಚ್ಚುತ್ತಾರೆ ಅಂತ ಮೊದಲೇ ತಿಳಿದುಕೊಳ್ಳಿ, ಬೆಟ್ಟಗಳಲ್ಲಿ ಕಾರಿಗೆ ತುಂಬಾ ಮುಂಚೆಯೇ ದಾರಿ ಬಂದ್ ಆಗುತ್ತದೆ. ಸೈಕಲ್ಲಿನಲ್ಲಿ ಹೋದವರಿಗೆ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು ಹೊತ್ತು ಬಿಡುತ್ತಾರೆ, ಆದರೂ ಪೊಲೀಸರು ಇಳಿಯಿರಿ ಅಂದರೆ ಇಳಿಯಿರಿ. ಟೂರಿನಲ್ಲಿ ರೇಸಿಗೆ ಸುಮಾರು ಎರಡು ಗಂಟೆ ಮುಂಚೆ ಪ್ರಚಾರದ ವಾಹನಗಳ ಮೆರವಣಿಗೆ ಬರುತ್ತದೆ, ಟೋಪಿ, ತಿಂಡಿ ಎಸೆಯುತ್ತಾ.

ಬೆನ್ನು ರೇಸಿನ ಕಡೆ ಮಾಡಿ ಫೋಟೊ ತೆಗೆಸಿಕೊಳ್ಳಬೇಡಿ. 2021ರ ಟೂರಿನ ಮೊದಲ ದಿನ ಕ್ಯಾಮೆರಾ ಕಡೆ ಮುಖ ಮಾಡಿ ರಟ್ಟಿನ ಫಲಕ ರಸ್ತೆಗೆ ಚಾಚಿದ ಒಬ್ಬ ಪ್ರೇಕ್ಷಕರಿಂದ ಪೆಲೊಟಾನಿನ ದೊಡ್ಡ ಭಾಗವೇ ನೆಲಕ್ಕೆ ಬಿತ್ತು. ಸವಾರರ ಪಕ್ಕ ಓಡುವುದು, ಬೆನ್ನು ತಟ್ಟುವುದು, ಹೊಗೆಬತ್ತಿ ಹಚ್ಚುವುದು ಯಾವುದೂ ಬೇಡ. ಅವರು ಆ ಹೊತ್ತಿನಲ್ಲಿ ಉಸಿರಿಗೇ ಒದ್ದಾಡುತ್ತಿರುತ್ತಾರೆ.

ಹಂತ 9: ಅದೇ ದಾರಿಯಲ್ಲಿ ನೀವೂ

ಈ ಆಟದ ದೊಡ್ಡ ಮಜಾ ಇದು, ಅವರ ಮೈದಾನ ಸಾರ್ವಜನಿಕ ರಸ್ತೆ. ಫ್ಲಾಂಡರ್ಸ್ ಮತ್ತು ರೂಬೆಗೆ ವೃತ್ತಿಪರರ ರೇಸಿನ ಹಿಂದಿನ ದಿನ ಹವ್ಯಾಸಿಗಳ ಸವಾರಿ ಇರುತ್ತದೆ, ಬೇರೆ ಬೇರೆ ದೂರ ಆರಿಸಿಕೊಳ್ಳಬಹುದು. ಶನಿವಾರ ನೀವು ಕಲ್ಲಿನ ಮೇಲೆ ಹಲ್ಲು ಕಟಕಟ ಅನ್ನಿಸಿಕೊಂಡು ಬಂದು, ಭಾನುವಾರ ಅಲ್ಲೇ ಅವರನ್ನು ನೋಡಬಹುದು. 1993ರಿಂದ ನಡೆಯುವ ಲೆಟಾಪ್ ಡು ಟೂರ್‌ನಲ್ಲಿ ಟೂರಿನ ಸ್ಟೇಜಿನ ದಾರಿಯನ್ನೇ ಮುಚ್ಚಿದ ರಸ್ತೆಯಲ್ಲಿ ಓಡಿಸಬಹುದು, ಹಿಂದೆ ಸಮಯದ ಮಿತಿಯ ಗಾಡಿ ಬರುತ್ತಿರುತ್ತದೆ, ಗ್ರುಪೆಟ್ಟೊದವರ ಪಾಡು ಆಗ ತಿಳಿಯುತ್ತದೆ.

ಹೆಸರು ಕೊಡುವ ಮುಂಚೆ ಆ ದಾರಿಯ ಒಟ್ಟು ಏರಿಕೆ ಎಷ್ಟು ಮೀಟರ್ ಅಂತ ನೋಡಿ, ದೂರ ನೋಡಿ ಮೋಸಹೋಗಬೇಡಿ. ಅಷ್ಟು ದೂರ ಹೋಗಲಾಗದವರು ಮನೆಯೊಳಗೇ ಸೈಕಲ್ ನಿಲ್ಲಿಸಿ ತುಳಿಯುವ ಟ್ರೈನರ್ ಮೇಲೆ ಕೂತು ರೂವಿ, ಜ್ವಿಫ್ಟ್ ತರಹದ ಆ್ಯಪ್‌ಗಳಲ್ಲಿ ಹೆಸರಾಂತ ಏರುಗಳನ್ನು ಹತ್ತಬಹುದು. ಜ್ವಿಫ್ಟಿನ ಆಲ್ಪ್ ಡು ಜ್ವಿಫ್ಟ್ ಅನ್ನುವ ಏರನ್ನು ಆಲ್ಪ್ ಡುಯೆಜ್‌ನ ಅಳತೆಗೇ ಮಾಡಿದ್ದಾರೆ. ಫ್ಯಾನ್ ಹಚ್ಚಿಕೊಂಡು ಕೂರಿ, ಮೊದಲ ಎರಡು ತಿರುವುಗಳಲ್ಲಿ ಬೇಕೆಂತಲೇ ನಿಧಾನ ಹೋಗಿ, ಅಲ್ಲಿ ಏರು ಬಲು ಕಡಿದು.